ಒಪ್ಪಿದ್ದಾರೆ ಸರ್

ಕಾರ್ಮಿಕ ನ್ಯಾಯಾಲಯಕ್ಕೆ ಎರಡೂ ಕಡೆಯವರು ಸೇರಿ ಜಾಯಿಂಟ್ ಮೆಮೋ ಕೊಟ್ಟ ಮೇಲೂ ನ್ಯಾಯಾಧೀಶರು ಪ್ರಶ್ನೆ ಕೇಳಿದರೆ ನನಗೆ ಬಹಳ ವರ್ಷ ಕಿರಿಕಿರಿಯಾಗುತ್ತಿತ್ತು. ಓನರ್ ಒಪ್ಪಿದ್ದಾನೆ, ಕೆಲಸಗಾರರು ಸಹಿ ಹಾಕಿದ್ದಾರೆ, ಡಿಡಿ ತಂದಾಗಿದೆ, ಇನ್ನು ಕೇಳುವುದಕ್ಕೇನಿದೆ? ರಾಜಿ ಅನ್ನುವುದು ಇಬ್ಬರ ನಡುವಿನ ಮಾತು, ಕೋರ್ಟು ಅದಕ್ಕೆ ಮೊಹರು ಒತ್ತಿದರೆ ಸಾಕು ಅಂತಲೇ ತಿಳಿದಿದ್ದೆ. ಸಂಬಳದ ಬಾಕಿಯ ವಿಷಯದಲ್ಲಿ ಈ ತಿಳಿವಳಿಕೆ ತಪ್ಪು. ತಪ್ಪೆಂದು ನನಗೆ ಗೊತ್ತಾಗುವ ಹೊತ್ತಿಗೆ ಅದರಿಂದಾದ ನಷ್ಟವನ್ನು ಬೇರೆಯವರು ಉಂಡಾಗಿತ್ತು.

ನಾನು ವಕೀಲನಲ್ಲ. ಪೀಣ್ಯದ ಒಂದು ಶೆಡ್ಡಿನಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದವನು, ಆಮೇಲೆ ಯೂನಿಯನ್ ಕೆಲಸಕ್ಕೆ ಬಂದೆ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿ ಯೂನಿಯನ್ ಪದಾಧಿಕಾರಿ ಕೆಲಸಗಾರರ ಪರವಾಗಿ ನ್ಯಾಯಾಲಯದಲ್ಲಿ ನಿಲ್ಲಬಹುದಿತ್ತು. ವಕೀಲರು ಬರಬೇಕಾದರೆ ಎದುರು ಪಕ್ಷದ ಒಪ್ಪಿಗೆ, ನ್ಯಾಯಾಲಯದ ಅನುಮತಿ ಎರಡೂ ಬೇಕಿತ್ತು. ಕೈಯಲ್ಲಿ ಕಾಸಿಲ್ಲದವರ ಕಡೆಗೂ ಮಾತಾಡುವವನೊಬ್ಬ ಇರಲಿ ಎಂದು ಮಾಡಿದ ಏರ್ಪಾಡು ಅದು. ಆ ಜಾಗದಲ್ಲಿ ನಿಂತೇ ನಾನು ಎಡವಿದೆ.

ಕೋವಿಡ್ ಇಳಿಯುತ್ತಾ ಬಂದ ಕಾಲ. ದೊಡ್ಡ ಗಾರ್ಮೆಂಟ್ಸ್‌ಗಳಿಂದ ಬಂದ ಪೀಸುಗಳಿಗೆ ದಾರ ಕತ್ತರಿಸಿ, ಚೆಕಿಂಗ್ ಮಾಡಿ, ಐರನ್ ಹಾಕಿ, ಪ್ಯಾಕ್ ಮಾಡಿ ಕಳಿಸುವ ಸಣ್ಣ ಘಟಕವೊಂದರಲ್ಲಿ ಇಪ್ಪತ್ತಕ್ಕೂ ಹೆಚ್ಚು ಹೆಂಗಸರನ್ನು ಒಂದು ಸೋಮವಾರ ಗೇಟಿನಲ್ಲೇ ತಡೆದರು. ನೋಟಿಸಿಲ್ಲ, ಪರಿಹಾರವಿಲ್ಲ. ಅವರೇ ಬರುವುದನ್ನು ನಿಲ್ಲಿಸಿದರು ಎಂದು ಓನರ್ ಕಡೆಯವರು ಬರೆದುಕೊಟ್ಟರು. ತಡೆಸಿಕೊಂಡವರಲ್ಲಿ ಮದುವೆಗೆ ಮುಂಚೆ ಒಂದೆರಡು ವರ್ಷ ದುಡಿಯೋಣವೆಂದು ಬಂದ ಹುಡುಗಿಯರಿದ್ದರು. ಚೆಕಿಂಗ್ ಟೇಬಲ್ಲಿನಲ್ಲಿ 11 ವರ್ಷ ನಿಂತೇ ಕೆಲಸ ಮಾಡಿದ, ಶಿರಾ ಕಡೆಯ ಒಬ್ಬ ಅಕ್ಕನೂ ಇದ್ದರು. ಕಾಲರಿನ ಒಳಹೊಲಿಗೆಯಲ್ಲಿ ಒಂದು ದಾರ ಬಿಟ್ಟಿದ್ದರೂ ಅವರ ಬೆರಳಿಗೆ ಸಿಗುತ್ತಿತ್ತು. ಟ್ಯೂಬ್‌ಲೈಟ್ ಹೋದ ದಿನವೂ ಬೆರಳು ಸವರಿಯೇ ಪೀಸು ಪಾಸ್ ಮಾಡುತ್ತಿದ್ದರಂತೆ.

ಕೆಲಸದಿಂದ ತೆಗೆದದ್ದರ ವಿರುದ್ಧ ಕರ್ನಾಟಕದ ತಿದ್ದುಪಡಿಯಾದ 10(4-ಎ) ಕಲಮಿನಡಿ ಒಬ್ಬೊಬ್ಬರ ಹೆಸರಿನಲ್ಲೂ ನೇರವಾಗಿ ಕಾರ್ಮಿಕ ನ್ಯಾಯಾಲಯಕ್ಕೆ ಅರ್ಜಿ ಹಾಕಿದೆವು. ಅದಕ್ಕೆ ಆರು ತಿಂಗಳ ಗಡುವು. ಕನಿಷ್ಠ ವೇತನದ ವ್ಯತ್ಯಾಸಕ್ಕೆ ಕಾರ್ಮಿಕ ಇಲಾಖೆಯ ಪ್ರಾಧಿಕಾರದ ಮುಂದೆ ಇನ್ನೊಂದು ಅರ್ಜಿ. ಅದಕ್ಕೂ ಆರೇ ತಿಂಗಳು. ಗ್ರಾಚ್ಯುಟಿಗೆ ಮೂರನೆಯದೊಂದು ಅರ್ಜಿ ಹಾಕಬೇಕಿತ್ತು, ಹಾಕಿರಲಿಲ್ಲ. ಮೊದಲ ಎರಡು ನಡೆಯಲಿ, ಆಮೇಲೆ ನೋಡೋಣ ಎಂದುಕೊಂಡಿದ್ದೆ.

ಕನಿಷ್ಠ ವೇತನದ ವ್ಯತ್ಯಾಸ ಎಂದೆನಲ್ಲ, ಅದರ ದೊಡ್ಡ ಪಾಲು ತುಟ್ಟಿಭತ್ಯೆಯದು. 2020ರ ಏಪ್ರಿಲ್‌ನಿಂದ ಗಾರ್ಮೆಂಟ್ಸ್ ಕೆಲಸಗಾರರಿಗೆ ತಿಂಗಳಿಗೆ 417 ರೂಪಾಯಿ ಏರಬೇಕಿತ್ತು. ರಾಜ್ಯ ಸರ್ಕಾರ ಅದನ್ನು ಒಂದು ವರ್ಷ ಮುಂದಕ್ಕೆ ಹಾಕಿ ಆದೇಶ ಹೊರಡಿಸಿತು. ಯೂನಿಯನ್‌ನವರು ಹೈಕೋರ್ಟಿಗೆ ಹೋದರು, ಆ ಆದೇಶಕ್ಕೆ ತಡೆ ಸಿಕ್ಕಿತು. ಆದರೂ ಬಹಳಷ್ಟು ಫ್ಯಾಕ್ಟರಿಗಳು ಕೊಡಲಿಲ್ಲ. ವರ್ಷಕ್ಕೆ 5,004 ರೂಪಾಯಿ. ಮನೆ ಬಾಡಿಗೆಗೇ ಅರ್ಧ ಸಂಬಳ ಹೋಗುವ ಮನೆಯಲ್ಲಿ ಅದು ಮಗಳ ಶಾಲೆಯ ಫೀಸಿನ ಒಂದು ಕಂತು. ಇಷ್ಟೆಲ್ಲ ನನಗೆ ಗೊತ್ತಿತ್ತು. ಸರ್ಕಾರಕ್ಕೇ ಮುಂದೂಡಲು ಬಿಡದ ಮೊತ್ತವನ್ನು ನಾನು ಒಂದು ಮೆಮೋದಲ್ಲಿ ಅಳಿಸಿಬಿಡಬಹುದು ಎಂದು ಯಾವ ಧೈರ್ಯದಲ್ಲಿ ಅಂದುಕೊಂಡೆನೋ!

ಓನರ್ ಕಡೆಯ ಕನ್ಸಲ್ಟೆಂಟ್ ಜಾಲಹಳ್ಳಿ ಕ್ರಾಸಿನ ಒಂದು ಹೋಟೆಲಿಗೆ ಕರೆದ. ಘಟಕ ಮುಚ್ಚುತ್ತಾರೆ, ಮಷಿನ್‌ಗಳಿಗೆ ಗಿರಾಕಿ ಬಂದಿದ್ದಾನೆ, ಈಗ ಮುಗಿಸಿದರೆ ತಲೆಗೆ 40,000 ಕೊಡಿಸುತ್ತೇನೆ ಅಂದ. ಅವನು ಹೆದರಿಸಿದ್ದು ಪೊಳ್ಳು ಬೆದರಿಕೆಯಲ್ಲ. ರಾತ್ರೋರಾತ್ರಿ ಲಾರಿಗೆ ಮಷಿನ್ ತುಂಬಿಸಿಕೊಂಡು ಹೋದ ಓನರ್‌ಗಳನ್ನು ಪೀಣ್ಯದಲ್ಲಿ ನಾವೆಲ್ಲ ಕಂಡವರೇ. ಆಮೇಲೆ ಕೈಯಲ್ಲಿ ಆದೇಶವಿರುತ್ತದೆ, ವಸೂಲಿಗೆ ಏನೂ ಇರುವುದಿಲ್ಲ. ಜೂನ್ ಬೇರೆ ಹತ್ತಿರ ಬರುತ್ತಿತ್ತು. ಹೆಂಗಸರನ್ನು ಪಾರ್ಕಿನಲ್ಲಿ ಕೂರಿಸಿ ನಮ್ಮ ಕಡೆಯ ಹಳೆ ಗಾದೆ ಹೇಳಿದೆ: ಕೋರ್ಟಿಗೆ ಹೋದರೆ ಗೆದ್ದವನು ಸೋತ, ಸೋತವನು ಸತ್ತ. ಎಲ್ಲರಿಗೂ ಸಮಸಮ ಬರುತ್ತದೆ, ಒಬ್ಬರಿಗೆ ಹೆಚ್ಚು ಒಬ್ಬರಿಗೆ ಕಡಿಮೆ ಎಂಬ ಜಗಳವಿಲ್ಲ ಎಂದೆ. ಸಮಾನವಾಗಿ ಹಂಚುವುದೇ ನ್ಯಾಯ ಎಂದು ಆಗ ನಿಜವಾಗಿಯೂ ನಂಬಿದ್ದೆ. ಹುಡುಗಿಯರು ಖುಷಿಯಾದರು. ಅಕ್ಕ ಏನೂ ಹೇಳಲಿಲ್ಲ. ಸುಮ್ಮನಿದ್ದದ್ದನ್ನು ಒಪ್ಪಿಗೆ ಎಂದೇ ತೆಗೆದುಕೊಂಡೆ.

ಮೆಮೋ ಬರೆದವರು ಓನರ್ ಕಡೆಯವರು. ವೇತನ ಬಾಕಿ, ಓಟಿ, ಬೋನಸ್, ಗ್ರಾಚ್ಯುಟಿ, ಕೆಲಸದ ಹಕ್ಕು ಎಲ್ಲವೂ ಸೇರಿ ಫುಲ್ ಅಂಡ್ ಫೈನಲ್, ಪ್ರಾಧಿಕಾರದ ಮುಂದಿರುವ ಅರ್ಜಿಯನ್ನೂ ವಾಪಸು ಪಡೆಯತಕ್ಕದ್ದು ಎಂದಿತ್ತು. ಓದಿದೆ, ತಿದ್ದಲಿಲ್ಲ.

ಆ ದಿನ ಕೋರ್ಟ್ ಹಾಲಿನಲ್ಲಿ ಪೀಠದಲ್ಲಿದ್ದವರು ಮೆಮೋ ಪೂರ್ತಿ ಓದಿದರು. ಎಲ್ಲರಿಗೂ ಒಂದೇ ಮೊತ್ತ ಹೇಗೆ ಬಂತು ಎಂದು ಕೇಳಿದರು. ನಾನು ಕಲಿತದ್ದನ್ನು ಒಪ್ಪಿಸಿದೆ. ಹರ್ಬರ್ಟ್‌ಸನ್ಸ್ ಪ್ರಕರಣದಲ್ಲಿ 1976ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ರಾಜಿಯನ್ನು ಇಡಿಯಾಗಿ ನೋಡಬೇಕು, ಒಂದೊಂದು ಅಂಶ ಬಿಡಿಸಿ ಇದು ಕಡಿಮೆ ಅದು ಹೆಚ್ಚು ಎನ್ನುವಂತಿಲ್ಲ ಎಂದೆ. 1981ರ ಟೆಲ್ಕೋ ತೀರ್ಪಿನ ಹೆಸರನ್ನೂ ಹೇಳಿದೆ. ರಾಜಿಯ ನ್ಯಾಯವನ್ನು ಚಿನ್ನ ತೂಗುವ ತಕ್ಕಡಿಯಲ್ಲಿಟ್ಟು ತೂಗಲಾಗದು ಎಂಬ ಅರ್ಥದ ಮಾತು ಅದರಲ್ಲಿದೆ. ಅವರು ನನ್ನ ಮಾತು ಕೇಳಿ, ಮೊದಲ ಸಾಲಿನಲ್ಲಿ ನಿಂತಿದ್ದ ಅಕ್ಕನ ಕಡೆ ತಿರುಗಿದರು.

"ನೀವು ಎಷ್ಟು ವರ್ಷ ಕೆಲಸ ಮಾಡಿದ್ದೀರಮ್ಮ? ಕೊನೆಗೆ ಸಂಬಳ ಎಷ್ಟಿತ್ತು?"

ಕೈಯಲ್ಲಿ ಪೆನ್ನು ಹಿಡಿದಿದ್ದರು. ಅಕ್ಕ ನನ್ನ ಮುಖ ನೋಡಿದರು. ಎಲ್ಲಿ ಇದು ಇನ್ನೊಂದು ವಾಯಿದೆಗೆ ಹೋಗಿ ದುಡ್ಡು ಕೈತಪ್ಪುತ್ತದೋ ಎಂಬ ಆತಂಕ ನನಗೆ. ಅವರು ಬಾಯಿ ತೆರೆಯುವ ಮೊದಲೇ ನಾನು ಹೇಳಿಬಿಟ್ಟೆ: "ಎಲ್ಲರೂ ಒಪ್ಪಿದ್ದಾರೆ ಸರ್. ಡಿಡಿ ತಂದಿದ್ದಾರೆ." ಲೆಕ್ಕದ ಪಟ್ಟಿ ಹಾಕಿ, ಮುಂದಿನ ವಾರ ತೆಗೆದುಕೊಳ್ಳೋಣ ಎಂದರು ಅವರು. ನಾನು ಕೈಮುಗಿದು ಬೇಡಿಕೊಂಡೆ. ಎದುರು ಕಡೆಯವರು, ಇವತ್ತು ಆಗದಿದ್ದರೆ ಮಾಲೀಕರ ಮನಸ್ಸು ಬದಲಾಗಬಹುದು ಎಂದರು. ಕಾರ್ಮಿಕರ ಪರವಾಗಿ ನಿಂತವನೇ ಇಷ್ಟು ಒತ್ತಾಯಿಸಿದ ಮೇಲೆ ಅವರು ಮೆಮೋ ದಾಖಲು ಮಾಡಿಕೊಂಡರು. ಹೊರಗೆ ಬಂದು ಎಲ್ಲರಿಗೂ ಕಾಫಿ ಕೊಡಿಸಿದೆ.

ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದರೆ ಪೆನ್ನು ಮಾಡುತ್ತಿದ್ದ ಲೆಕ್ಕ ಇಷ್ಟೇ. ಕೊನೆಯ ಸಂಬಳ 8,800. 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ಒಂದು ವರ್ಷದ ಗ್ರಾಚ್ಯುಟಿ, ಅದನ್ನು 11ರಿಂದ ಗುಣಿಸಿದರೆ 55,846 ರೂಪಾಯಿ. ಗ್ರಾಚ್ಯುಟಿ ಒಂದೇ ಇಡೀ ರಾಜಿಯ ಮೊತ್ತಕ್ಕಿಂತ ಜಾಸ್ತಿ. ತುಟ್ಟಿಭತ್ಯೆಯ ಬಾಕಿ ಅದರ ಮೇಲೆ. ಓಟಿ ಅದರ ಮೇಲೆ. ಕೆಲಸ ಕಳೆದುಕೊಂಡದ್ದಕ್ಕೆ ಅವರಿಗೆ ಸಿಕ್ಕಿದ್ದು ಸೊನ್ನೆಗಿಂತ ಕಡಿಮೆ. ಕಳೆದುಕೊಳ್ಳುವುದಕ್ಕೆ ಅವರೇ ದುಡ್ಡು ಕಟ್ಟಿದಂತಾಯಿತು. ಅವರು ತಾವಾಗಿಯೇ ಕೆಲಸ ಬಿಟ್ಟರು ಎಂಬ ಓನರ್‌ನ ವಾದವೇ ನಿಜವೆಂದು ಇಟ್ಟುಕೊಂಡರೂ ಗ್ರಾಚ್ಯುಟಿ ಬರಬೇಕಿತ್ತು, ಯಾಕೆಂದರೆ ಐದು ವರ್ಷ ತುಂಬಿದವರು ರಾಜೀನಾಮೆ ಕೊಟ್ಟರೂ ಅದು ಅವರ ಹಕ್ಕು. ಎರಡು ವರ್ಷದ ಹುಡುಗಿಗೂ 40,000, ಹನ್ನೊಂದು ವರ್ಷದ ಅಕ್ಕನಿಗೂ 40,000. ಆ ಸಮಪಾಲು ಅಕ್ಕನ ಗಂಟಿನಿಂದಲೇ ಹೋದದ್ದು.

ಇದು ನನ್ನ ಕಣ್ಣಿಗೆ ಬಿದ್ದದ್ದು ಇನ್ನೊಬ್ಬಾಕೆಯಿಂದ. ಹೆರಿಗೆಗೆ ಊರಿಗೆ ಹೋಗಿದ್ದ ಆಕೆ ಮೆಮೋಗೆ ಸಹಿ ಹಾಕಿರಲಿಲ್ಲ. ರಾಜಿ ಸಂಧಾನಾಧಿಕಾರಿಯ ಮುಂದೆ ಆಗದೆ, ಹೊರಗೆ ಆದ ಒಪ್ಪಂದ ಅದರಲ್ಲಿ ಸೇರಿದವರನ್ನಷ್ಟೇ ಕಟ್ಟಿಹಾಕುತ್ತದೆ, ಉಳಿದವರನ್ನಲ್ಲ. ಅದು ಕೈಗಾರಿಕಾ ವಿವಾದಗಳ ಕಾಯ್ದೆಯ 18(1)ನೇ ಕಲಮಾಗಿತ್ತು. ಆಕೆಯ ತಮ್ಮ ಓದಿದ ಹುಡುಗ. ಅವನೇ ಕೂತು ಗ್ರಾಚ್ಯುಟಿಗೆ, ವೇತನ ಬಾಕಿಗೆ ಬೇರೆ ಬೇರೆ ಅರ್ಜಿ ಬರೆದ. ಮಷಿನ್ ಮಾರಾಟಕ್ಕೆ ತಕರಾರು ಬರಬಾರದೆಂದು ಓನರ್ ಲೆಕ್ಕದ ಪ್ರಕಾರ ಕೊಟ್ಟು ಕೈತೊಳೆದುಕೊಂಡ. ಏಳು ವರ್ಷ ದುಡಿದ ಆಕೆಗೆ ಬಂದದ್ದು ಅಕ್ಕನಿಗೆ ಬಂದದ್ದಕ್ಕಿಂತ ಜಾಸ್ತಿ. ಒಂದೇ ಬೀದಿಯವರು, ಮಾತು ಹೊರಬಿತ್ತು.

ಅಕ್ಕ ಯೂನಿಯನ್ ಆಫೀಸಿಗೆ ಬಂದರು. ಜಗಳಕ್ಕೆ ಬಂದವರ ಹಾಗಿರಲಿಲ್ಲ. ಕೂತುಕೊಂಡು, ನೀರು ಕುಡಿದು ಕೇಳಿದರು: "ಅಣ್ಣಾ, ಅವತ್ತು ನನ್ ಲೆಕ್ಕ ಯಾರ್ ಹಾಕಿದ್ರು?"

ಯಾರೂ ಹಾಕಿರಲಿಲ್ಲ. ಹಾಕಲು ಹೊರಟವರನ್ನು ತಡೆದದ್ದು ನಾನೇ ಎಂದು ಹೇಳಿದೆ.

ಅವರ ಹೆಸರಿನಲ್ಲಿ ಗ್ರಾಚ್ಯುಟಿ ಅರ್ಜಿ ಹಾಕಿಸಿದೆ. 1972ರ ಗ್ರಾಚ್ಯುಟಿ ಕಾಯ್ದೆ ತನಗೆ ವಿರುದ್ಧವಾದ ಯಾವ ಕರಾರನ್ನೂ ಮೀರಿ ನಿಲ್ಲುತ್ತಿತ್ತು, ಹಾಗಾಗಿ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಎದುರು ಕಡೆಯವರು ಮುಂದಿಟ್ಟದ್ದು ನ್ಯಾಯಾಲಯದ ಮೊಹರಿದ್ದ ನಮ್ಮದೇ ಮೆಮೋ. ಕೋರ್ಟೇ ಪರಿಶೀಲಿಸಿ ಒಪ್ಪಿದೆಯಲ್ಲ, ಯೂನಿಯನ್ನೇ ಒಪ್ಪಿಸಿದೆಯಲ್ಲ ಎಂದರು. ಪರಿಶೀಲನೆ ನಡೆಯದಂತೆ ಮಾಡಿದವನು ನಾನು. ನಡೆದಿದೆ ಎಂಬ ಮುದ್ರೆಯ ಲಾಭ ಪಡೆದವನು ಓನರ್. ಕೊನೆಗೆ ಆದೇಶ ಅಕ್ಕನ ಪರವಾಗಿಯೇ ಬಂತು. ಅಷ್ಟರಲ್ಲಿ ಮಷಿನ್ ಮಾರಿಯಾಗಿತ್ತು, ಶೆಡ್ಡಿನಲ್ಲಿ ಬೇರೆಯವರು ಪ್ಲಾಸ್ಟಿಕ್ ಮೋಲ್ಡಿಂಗ್ ಇಟ್ಟಿದ್ದರು. ವಸೂಲಾತಿ ಪತ್ರವಿದೆ, ಜಪ್ತಿ ಮಾಡಲು ಆಸ್ತಿ ಸಿಕ್ಕಿಲ್ಲ.

ಆಮೇಲೆ ಆ ಎರಡು ತೀರ್ಪುಗಳನ್ನು ಮತ್ತೆ ಓದಿದೆ. ನಾನು ಹೇಳಿದ್ದು ಸುಳ್ಳಲ್ಲ. ರಾಜಿಯನ್ನು ಇಡಿಯಾಗಿ ನೋಡಬೇಕು ಎನ್ನುವುದು ಸರಿ. ಆದರೆ ಎರಡರಲ್ಲೂ ನ್ಯಾಯಾಲಯ ಕೇಳಿಕೊಂಡ ಪ್ರಶ್ನೆ ಈ ರಾಜಿ ನ್ಯಾಯವೂ ಯುಕ್ತವೂ ಆಗಿದೆಯೇ ಎಂಬುದು. ಕೇಳಬೇಡಿ ಎಂದು ಅವು ಎಲ್ಲೂ ಹೇಳಿಲ್ಲ. ಕೊಡು-ಕೊಳ್ಳುವ ಮಾತೆಲ್ಲ ಕಾನೂನು ಹಾಕಿದ ನೆಲದ ಮೇಲೆ ನಡೆಯಬೇಕಾದದ್ದು. ನೆಲವನ್ನೇ ಅಗೆದು ಹಂಚಿಕೊಳ್ಳುವುದಕ್ಕೆ ರಾಜಿ ಎನ್ನಲಾಗದು. ಕನಿಷ್ಠ ವೇತನದ ಹಕ್ಕನ್ನು ಬಿಟ್ಟುಕೊಡುವ ಅಥವಾ ತಗ್ಗಿಸುವ ಯಾವ ಕರಾರೂ ಅಷ್ಟರಮಟ್ಟಿಗೆ ಶೂನ್ಯ ಎಂದು 1948ರ ಕನಿಷ್ಠ ವೇತನ ಕಾಯ್ದೆಯ 25ನೇ ಕಲಮು ಹೇಳಿತ್ತು. 1936ರ ವೇತನ ಪಾವತಿ ಕಾಯ್ದೆಯಲ್ಲೂ ಅಂಥದೇ ಕಲಮು ಇತ್ತು, 23ನೆಯದು. ಏಷ್ಯಾಡ್ ಕ್ರೀಡಾಕೂಟಕ್ಕಾಗಿ ಕಟ್ಟಡ ಕಟ್ಟಿದ ಕೂಲಿಗಳ ಪ್ರಕರಣದಲ್ಲಿ ನ್ಯಾಯಮೂರ್ತಿ ಪಿ. ಎನ್. ಭಗವತಿ 1982ರಲ್ಲಿ ಇನ್ನೂ ಮುಂದೆ ಹೋದರು: ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಯುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ, ಏಕೆಂದರೆ ಹಸಿವು ಬಡತನಗಳೂ ಬಲವಂತವೇ. ಹಾಗಿದ್ದ ಮೇಲೆ ಜೂನ್ ತಿಂಗಳ ಫೀಸಿನ ಭಯದಲ್ಲಿ ಹಾಕಿದ ಸಹಿಯನ್ನು ಪೂರ್ತಿ ಸ್ವಇಚ್ಛೆಯ ಸಹಿ ಎಂದು ನಾನು ಹೇಗೆ ಕರೆಯಲಿ?

ನಮ್ಮ ಕಾನೂನಿನಲ್ಲೇ ಇದಕ್ಕೊಂದು ಒಳ್ಳೆಯ ಮಾದರಿಯಿದೆ. ಮಷಿನಿಗೆ ಸಿಕ್ಕಿ ಕೆಲಸಗಾರನ ಬೆರಳು ಹೋಯಿತೆನ್ನಿ. ಓನರ್ ಮತ್ತು ಕೆಲಸಗಾರ ಪರಿಹಾರದ ಬಗ್ಗೆ ಒಪ್ಪಂದ ಮಾಡಿಕೊಂಡರೆ 1923ರ ಪರಿಹಾರ ಕಾಯ್ದೆಯ ಪ್ರಕಾರ ಅದನ್ನು ಆಯುಕ್ತರ ಬಳಿ ನೋಂದಾಯಿಸಬೇಕಿತ್ತು. ಮೊತ್ತ ಸಾಲದು, ಮೋಸವಾಗಿದೆ, ಒತ್ತಡ ಹಾಕಿದ್ದಾರೆ ಎನ್ನಿಸಿದರೆ ಆಯುಕ್ತರು ನೋಂದಣಿ ನಿರಾಕರಿಸಬಹುದಿತ್ತು. ನೋಂದಾಯಿಸದಿದ್ದರೆ ಓನರ್ ಪೂರ್ತಿ ಪರಿಹಾರಕ್ಕೆ ಹೊಣೆಯಾಗುತ್ತಿದ್ದ. ಬೆರಳಿಗೆ ಇರುವ ಈ ಕಾವಲು ಹನ್ನೊಂದು ವರ್ಷದ ದುಡಿಮೆಗೆ ಇಷ್ಟು ಸ್ಪಷ್ಟವಾಗಿ ಇಲ್ಲ. ಇರುವುದು ಪೀಠದಲ್ಲಿ ಕೂತವರ ಒಂದೆರಡು ಪ್ರಶ್ನೆ ಮಾತ್ರ. ಅದಕ್ಕೇ ಆ ಪ್ರಶ್ನೆಗಳಿಗೆ ಅಷ್ಟು ತೂಕ.

ಅಮೆರಿಕದಲ್ಲಿ ಈ ಪ್ರಶ್ನೆಗಳನ್ನೇ ನಿಯಮ ಮಾಡಿದ ಒಂದು ತೀರ್ಪಿದೆ, 1982ರ ಲಿನ್ಸ್ ಫುಡ್ ಪ್ರಕರಣ. ಅಂಗಡಿಯೊಂದು ಕೆಲಸಗಾರರಿಗೆ 10,000 ಡಾಲರ್‌ಗೂ ಹೆಚ್ಚು ಬಾಕಿ ಕೊಡಬೇಕೆಂದು ಅಲ್ಲಿನ ಕಾರ್ಮಿಕ ಇಲಾಖೆ ಕಂಡುಹಿಡಿದಿತ್ತು. ಮಾಲೀಕರು ಇಲಾಖೆಯನ್ನು ಬಿಟ್ಟು ನೇರ ಕೆಲಸಗಾರರ ಬಳಿ ಹೋಗಿ, 14 ಮಂದಿಗೆ ಒಟ್ಟು 1,000 ಡಾಲರ್ ಹಂಚಿ ಸಹಿ ಹಾಕಿಸಿಕೊಂಡರು. ಮೇಲ್ಮನವಿ ನ್ಯಾಯಾಲಯ ಒಪ್ಪಲಿಲ್ಲ. ಇಲಾಖೆಯ ಉಸ್ತುವಾರಿಯಲ್ಲಿ ಬಾಕಿ ಕೊಡಬೇಕು, ಇಲ್ಲವೇ ಮೊಕದ್ದಮೆಯಲ್ಲಿ ನ್ಯಾಯಾಧೀಶರು ರಾಜಿಯ ಯುಕ್ತತೆಯನ್ನು ಪರೀಕ್ಷಿಸಿ ಒಪ್ಪಬೇಕು ಎಂದಿತು. ನಿಜವಾದ ತಕರಾರು ಇರುವ ಅಂಶದ ಮೇಲೆ ರಾಜಿ ಮಾಡಿಕೊಳ್ಳಬಹುದು, ಕೊಡಲೇಬೇಕಾದದ್ದರ ಮೇಲೆ ಅಲ್ಲ ಎಂಬುದು ಅದರ ಸಾರ. ಅಲ್ಲಿನ ಎಲ್ಲ ನ್ಯಾಯಾಲಯಗಳೂ ಅಷ್ಟು ಬಿಗಿಯಾಗಿಲ್ಲ. 2012ರಲ್ಲಿ ಇನ್ನೊಂದು ಮೇಲ್ಮನವಿ ನ್ಯಾಯಾಲಯ, ದುಡಿದ ಗಂಟೆಗಳ ಬಗ್ಗೆ ನಿಜವಾದ ತಕರಾರಿದ್ದಾಗ ಖಾಸಗಿ ರಾಜಿಯನ್ನೂ ಮಾನ್ಯ ಮಾಡಿತು. ಆದರೆ ತಕರಾರಿರುವುದು ಯಾವುದು, ಇಲ್ಲದಿರುವುದು ಯಾವುದು ಎಂದು ಬೇರ್ಪಡಿಸುವ ಕೆಲಸವನ್ನು ಎರಡೂ ನ್ಯಾಯಾಲಯಗಳು ಬಿಡಲಿಲ್ಲ. ನಾನು ಮಾಡದೆ ಬಿಟ್ಟದ್ದು ಅದನ್ನೇ. ಅಕ್ಕನನ್ನು ಕೆಲಸದಿಂದ ತೆಗೆದರೋ ಅವರೇ ಬಿಟ್ಟರೋ ಎಂಬುದು ತಕರಾರು, ಅಲ್ಲಿ ಒಂದಿಷ್ಟು ಬಿಟ್ಟುಕೊಡಬಹುದಿತ್ತು. ಅವರು 11 ವರ್ಷ ದುಡಿದದ್ದರಲ್ಲಿ ತಕರಾರೇನಿತ್ತು? ಪಿಎಫ್ ಚೀಟಿಯೇ ಹೇಳುತ್ತಿತ್ತು.

ಇಷ್ಟಾದ ಮೇಲೂ ರಾಜಿಯೇ ಬೇಡ ಎನ್ನುವವನು ನಾನಲ್ಲ. ವಾಯಿದೆ ಮೇಲೆ ವಾಯಿದೆ ಬಿದ್ದು ಕೆಲಸಗಾರ ಸತ್ತು, ಹೆಂಡತಿ ಹೆಸರು ಸೇರಿಸಿದ ಪ್ರಕರಣಗಳನ್ನು ನಡೆಸಿದ್ದೇನೆ. ಆದರೆ ಈಗ ನಮ್ಮ ಯೂನಿಯನ್‌ನಲ್ಲಿ ಮಾತುಕತೆಗೆ ಕೂರುವ ಮೊದಲು ಒಬ್ಬೊಬ್ಬರಿಗೂ ಒಂದೊಂದು ಹಾಳೆ. ಸೇರಿದ ದಿನ, ಕೊನೆಯ ಸಂಬಳ, ಆಯಾ ವರ್ಷದ ಕನಿಷ್ಠ ವೇತನ, ಗ್ರಾಚ್ಯುಟಿ, ರಜೆ ಸಂಬಳ, ಬೋನಸ್. ಹಾಳೆಯ ನಡುವೆ ಒಂದು ಗೆರೆ. ಗೆರೆಯ ಮೇಲಿನದು ಕೊಡಲೇಬೇಕಾದದ್ದು, ಕೆಳಗಿನದು ಮಾತಾಡಬಹುದಾದದ್ದು. ಮೇಲಿನದಕ್ಕೆ ರಾಜಿ ಬೇಡ, ರಸೀದಿ ಸಾಕು. ಹಾಳೆಯನ್ನು ಅವರವರ ಎದುರಿಗೇ ಬರೆಯುತ್ತೇವೆ, ಓದಲು ಬಾರದವರಿಗೆ ಮನೆಯ ಮಕ್ಕಳಿಂದ ಓದಿಸುತ್ತೇವೆ. ಮೆಮೋದ ಹಿಂದೆ ಅದೇ ಹಾಳೆ ಲಗತ್ತು. ನ್ಯಾಯಾಧೀಶರು ಕೆಲಸಗಾರರನ್ನು ಪ್ರಶ್ನೆ ಕೇಳಿದರೆ ನಾನು ಬಾಯಿ ಬಿಡುವುದಿಲ್ಲ. ಅವರು ತಡವರಿಸಿದರೂ ಬಿಡುವುದಿಲ್ಲ.

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ವೇತನ ಬಾಕಿಯ ಅರ್ಜಿಗೆ ಆರು ತಿಂಗಳಿದ್ದ ಗಡುವು ಮೂರು ವರ್ಷವಾಗಿದೆ. ಅಕ್ಕನಂಥವರಿಗೆ ಇದು ದೊಡ್ಡ ವಿಷಯ, ಅವಸರದ ಸಹಿಯ ಒತ್ತಡ ಒಂದಿಷ್ಟು ಕಡಿಮೆಯಾಗುತ್ತದೆ. ಸಂಹಿತೆಯ ಪ್ರಕಾರ ಬರಬೇಕಾದ ಹಣದ ಹಕ್ಕನ್ನು ಬಿಟ್ಟುಕೊಡುವ ಕರಾರು ಶೂನ್ಯ ಎಂಬ ನಿಯಮವೂ ಉಳಿದಿದೆ. ಕೈಗಾರಿಕಾ ಸಂಬಂಧಗಳ ಸಂಹಿತೆಯ ನ್ಯಾಯಮಂಡಳಿಯಲ್ಲಿ ಇಬ್ಬರು ಸದಸ್ಯರು, ಒಬ್ಬರು ನ್ಯಾಯಾಂಗದವರು, ಒಬ್ಬರು ಆಡಳಿತದವರು. ಪೀಠದಲ್ಲಿ ಒಬ್ಬರಿರಲಿ ಇಬ್ಬರಿರಲಿ, ಮೊತ್ತ ಹೇಗೆ ಬಂತು ಎಂದು ಕೇಳಲಿ.

ಈಚೆಗೆ ಹೌಸ್‌ಕೀಪಿಂಗ್ ಕೆಲಸದ ಹೆಂಗಸರ ಪ್ರಕರಣವೊಂದರಲ್ಲಿ ಮೆಮೋವನ್ನು ಪೀಠ ಒಪ್ಪಲಿಲ್ಲ. ಓಟಿ ಲೆಕ್ಕ ಸರಿಯಾಗಿಲ್ಲ, ದಾಖಲೆ ತನ್ನಿ ಎಂದರು. ಹೆಂಗಸರಿಗೆ ನನ್ನ ಮೇಲೆ ಸಿಟ್ಟು ಬಂತು. ಕೈಗೆ ಬಂದ ದುಡ್ಡು ತಪ್ಪಿಸಿದಿರಿ ಎಂದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ, ಅವತ್ತು ನನಗೂ ಇದ್ದದ್ದು ಇದೇ ಆತಂಕ. ಗೆರೆಯ ಮೇಲಿನ ಮೊತ್ತವನ್ನು ರಸೀದಿ ಪಡೆದು ಈಗಲೇ ಕೊಡಿ ಎಂದು ಕೇಳಿದೆವು, ಗುತ್ತಿಗೆದಾರ ಕೊಟ್ಟ. ಓಟಿಯದು ಬಾಕಿ ಇದೆ. ಬಯೋಮೆಟ್ರಿಕ್ ಹಾಜರಿಯ ದಾಖಲೆ ತರಿಸಲು ಅರ್ಜಿ ಹಾಕಿದ್ದೇವೆ, ಆಕ್ಷೇಪಣೆಗೆ ಅವರು ಸಮಯ ಕೇಳಿದ್ದಾರೆ.